ಹಿಂದ ಇನ್ನೊಂದು ಬರ್ತೈತಿ

ಶ್ರೀಧರನ ತಾಯಿ ಸತ್ತು ಎಷ್ಟೋ ಸಂಚಿಕೆಗಳು ಕಳೆದಿದ್ದವು. ಹಾಗಿದ್ದೂ ಆ ಸಂಜೆ ಅವಳು ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಯಿಂದ ಹೊರಗೆ ಬಂದು ಮಗನ ಕೈಗೆ ಚಹಾ ಕೊಟ್ಟಳು. "ಸಕ್ಕರೆ ಸಾಕೇನಪ್ಪಾ?" ಎಂದು ಕೇಳಿದಳು ಕೂಡ.

ಇಂಡಿ ಬಸ್‌ಸ್ಟ್ಯಾಂಡಿನ ಎದುರಿಗಿದ್ದ ಜೈನುದ್ದೀನರ ನೆಟ್ ಸೆಂಟರಿನಲ್ಲಿ, ಮೂಲೆಯ ಕಂಪ್ಯೂಟರಿನ ಮುಂದೆ ಕುಳಿತು ಇದನ್ನು ಓದುತ್ತಿದ್ದ ಸುಮಂಗಲಾ ಒಬ್ಬಳೇ ನಕ್ಕಳು. ಆಮೇಲೆ ಆ ಸಾಲಿನ ಕೆಳಗೆ ಹಸಿರು ಬಣ್ಣದಲ್ಲಿ ಟೈಪ್ ಮಾಡಿದಳು: "ಈ ತಾಯಿಯನ್ನು ನಾವೆಲ್ಲ ಅತ್ತು ಕಳಿಸಿಕೊಟ್ಟಾಗಿದೆ. ಚಹಾ ಮಾಡಲು ಬೇರೆ ಯಾರನ್ನಾದರೂ ಹುಡುಕಿ."

ಮರುದಿನ ಉತ್ತರ ಬಂದಿತ್ತು. "ಹಸಿರು ಪೆನ್ನಿನವರೇ, ನನಗೆ ಅವಳನ್ನು ಬಿಟ್ಟುಕೊಡಲು ಮನಸ್ಸಾಗುತ್ತಿಲ್ಲ. ಒಂದೇ ಒಂದು ಕಪ್ ಚಹಾ. ನೀವು ಕಂಡೂ ಕಾಣದಂತೆ ಇರಬಾರದೇ?"

"ಇರಬಾರದು. ಅದಕ್ಕೇ ನನ್ನನ್ನು ಇಲ್ಲಿ ಕೂರಿಸಿದ್ದಾರೆ," ಎಂದು ಸುಮಂಗಲಾ ಬರೆದಳು.

ಅಲೆಮಾರಿ ಎಂಬ ಹೆಸರಿನವನ ಪರಿಚಯ ಆದದ್ದು ಹೀಗೆ, ಜಗಳದಿಂದ.

ಅದು ಎರಡು ಸಾವಿರದ ಏಳನೆಯ ಇಸವಿ. ಹಿಂದಿನ ವರ್ಷದವರೆಗೂ ಸಂಜೆಯ ಟೀವಿಯಲ್ಲಿ ಇಂದುಮತಿ, ಶ್ರೀಧರ ಎಂಬ ಇಬ್ಬರ ಧಾರಾವಾಹಿಯೊಂದು ಬರುತ್ತಿತ್ತು. ಅದು ಶುರುವಾಗುವ ಹೊತ್ತಿಗೆ ಸುಮಂಗಲಾಳ ಮನೆಯಲ್ಲಿ ಮೂವರೂ ಟೀವಿಯ ಮುಂದೆ ಸೇರುತ್ತಿದ್ದರು. ಅವ್ವ ಶೆಟ್ಟೆವ್ವ ಕಾಳು ಹಸನು ಮಾಡುತ್ತ, ತಮ್ಮ ಭೀಮು ಚಾಷ್ಟಿ-ತಮಾಷೆ ಮಾಡುತ್ತ, ಸುಮಂಗಲಾ ಇಬ್ಬರನ್ನೂ ಸುಮ್ಮನಿರಿಸುತ್ತ. ಒಂದು ದಿನ ಶ್ರೀಧರ ಬಸ್‌ಸ್ಟ್ಯಾಂಡಿನಲ್ಲಿ ಇಂದುಮತಿಗಾಗಿ ಕಾಯುತ್ತ ನಿಂತ. ಮರುದಿನ ಆ ಹೊತ್ತಿಗೆ ಬೇರೆ ಯಾವುದೋ ಧಾರಾವಾಹಿ ಶುರುವಾಯಿತು. ಮುಗಿಸಲಿಲ್ಲ, ಹೇಳಲಿಲ್ಲ, ಕೇಳಲಿಲ್ಲ. ಶ್ರೀಧರ ನಿಂತಲ್ಲಿಯೇ ಉಳಿದ.

ಅದೇ ವರ್ಷ ಭೀಮುವಿಗೆ ಲಗ್ನವಾಗಿ, ನೌಕರಿಯ ಊರಿನಲ್ಲಿ ಅವನು ಬೇರೆ ಮನೆ ಹಿಡಿದ. ಶೆಟ್ಟೆವ್ವ ಸಂಜೆಯಾದರೆ ಓಣಿಯ ಕಟ್ಟೆಗೆ ಹೋಗಿ ಕೂರತೊಡಗಿದಳು. ಟೀವಿಯ ಮುಂದಿನ ಚಾಪೆಯನ್ನು ಯಾರೋ ಒಂದು ದಿನ ಸುತ್ತಿ ಗೋಡೆಗೆ ಒರಗಿಸಿದರು. ಮತ್ತೆ ಅದನ್ನು ಹಾಸಲಿಲ್ಲ. ಸುಮಂಗಲಾಳಿಗೆ ಮೂವತ್ತೊಂದು. ಮೊದಲು ಅವಳ ಓದು, ಆಮೇಲೆ ಅಪ್ಪನ ಸಾವು, ಆಮೇಲೆ ಭೀಮುವಿನ ಕಾಲೇಜು ಎನ್ನುತ್ತ, ಬಂದ ವರಗಳು ಬಂದ ದಾರಿಯಲ್ಲೇ ಹೋಗಿದ್ದರು. ಈಗ ಆ ಮಾತನ್ನು ತೆಗೆಯುವವರೂ ಕಡಿಮೆ. ಹಗಲೆಲ್ಲ ನೆಟ್ ಸೆಂಟರಿನಲ್ಲಿ ಮಂದಿಯ ಅರ್ಜಿ, ಮಂದಿಯ ಬಯೋಡಾಟಾ, ಮಂದಿಯ ಲಗ್ನಪತ್ರಿಕೆ ಟೈಪ್ ಮಾಡುವುದು; ಸಂಜೆ ಗಿರಾಕಿ ಕರಗಿದ ಮೇಲೆ ಮೂಲೆಯ ಕಂಪ್ಯೂಟರ್ ಅವಳದು.

ಆ ಮೂಲೆಯಲ್ಲಿಯೇ ಒಂದು ದಿನ ಅವಳಿಗೆ ಗೊತ್ತಾಯಿತು, ಶ್ರೀಧರನನ್ನು ಬಸ್‌ಸ್ಟ್ಯಾಂಡಿನಲ್ಲಿ ಬಿಟ್ಟುಬರಲು ಮನಸ್ಸಾಗದವರು ತಾನೊಬ್ಬಳೇ ಅಲ್ಲ ಎಂದು. ನೆಟ್ಟಿನಲ್ಲಿ ಅವರದೊಂದು ಬಳಗವೇ ಇತ್ತು. ನಿಂತುಹೋದ ಕಥೆಯನ್ನು ತಮ್ಮ ತಮ್ಮ ಮನಸ್ಸಿಗೆ ಬಂದಂತೆ ಮುಂದುವರಿಸಿ ಬರೆದು ಅಲ್ಲಿ ಹಾಕುತ್ತಿದ್ದರು. ಫ್ಯಾನ್ ಫಿಕ್ಷನ್ ಎಂದು ಅದಕ್ಕೆ ಹೆಸರು. ಸುಮಂಗಲಾ ಎಲ್ಲವನ್ನೂ ಓದಿದಳು. ಬರೆಯಲು ಅವಳಿಗೆ ಬರುತ್ತಿರಲಿಲ್ಲ. ಬರೆದದ್ದರಲ್ಲಿ ಎಲ್ಲಿ ಎಳೆ ತಪ್ಪಿದೆ ಎಂಬುದು ಮಾತ್ರ ಅಕ್ಕಿಯಲ್ಲಿನ ಹರಳಿನಂತೆ ಕಣ್ಣಿಗೆ ಬೀಳುತ್ತಿತ್ತು. ಒಂದೆರಡು ಸಲ ಹೇಳಿದಳು. ಬಳಗ ನಡೆಸುತ್ತಿದ್ದ ತುಮಕೂರಿನ ಶೈಲಶ್ರೀ ಎಂಬಾಕೆ ಬರೆದಳು: "ನೀವು ನಮಗೆ ಬೀಟಾ ರೀಡರ್ ಆಗ್ತೀರಾ? ಕಥೆ ಎಲ್ಲರಿಗೂ ಹೋಗುವ ಮುಂಚೆ ನೀವು ಓದಿ ತಪ್ಪು ಹೇಳಬೇಕು. ದುಡ್ಡಿಲ್ಲ ಕಾಸಿಲ್ಲ. ಒಂದೇ ನಿಯಮ: ಅನಿಸಿದ್ದನ್ನು ಅನಿಸಿದ ಹಾಗೇ ಹೇಳಬೇಕು."

ಕೆಂಪು ಬಣ್ಣ ಸಾಲಿ ಮಾಸ್ತರರ ನೆನಪು ತರುತ್ತದೆಂದು ಅವಳು ಹಸಿರನ್ನು ಆರಿಸಿಕೊಂಡಳು. ಹೆಸರೂ ಅದೇ ಆಯಿತು.

"ಬೀಟಾ ಅಂದ್ರೇನು ಬೇಟಿ?" ಎಂದು ಜೈನುದ್ದೀನ ಕೇಳಿದ್ದರು. ಬಿಳಿ ಗಡ್ಡದ, ಸದಾ ಎಲೆಯಡಿಕೆ ಮೆಲ್ಲುವ ಮನುಷ್ಯ.

"ಇನ್ನೊಬ್ಬರು ಬರದದ್ದನ್ನ ಓದಿ ಹೇಳಾವ್ರು ಚಾಚಾ. ಇಲ್ಲಿ ಉಪ್ಪು ಕಡಿಮಿ ಆಗೇತಿ, ಇಲ್ಲಿ ಜಾಸ್ತಿ ಆಗೇತಿ ಅಂತ."

"ಪಗಾರ?"

"ಇಲ್ರಿ."

"ಅಂದ್ರ ಬಿಟ್ಟಿ ಚಾಕರಿ." ಅವರು ನಕ್ಕರು. "ಮಂದೀಗಿ ಬಡಸೂದ ಆತಲ್ಲ ಮಗಳ. ನಿನ್ನ ತಾಟು ಯಾವಾಗ ಹಾಕ್ಕೋತಿ?"

ಸುಮಂಗಲಾ ಮುಂದಿನ ಅರ್ಜಿಯನ್ನು ಎಳೆದುಕೊಂಡಿದ್ದಳು.

ಕಾಲೇಜು ಹುಡುಗಿಯೊಬ್ಬಳು ಅಧ್ಯಾಯಕ್ಕೊಮ್ಮೆ ಶ್ರೀಧರನಿಗೆ ಜ್ವರ ಬರಿಸುತ್ತಿದ್ದಳು, ಇಂದುಮತಿ ಹಣೆ ಮುಟ್ಟಲಿ ಎಂದು. "ಈ ಸಲ ಅವನು ಆರೋಗ್ಯವಾಗಿರಲಿ," ಎಂದು ಸುಮಂಗಲಾ ತಿದ್ದಿದಳು. ಇನ್ನೊಬ್ಬರು ಇಬ್ಬರನ್ನೂ ಸ್ವಿಟ್ಜರ್ಲೆಂಡಿಗೆ ಕಳಿಸಿದ್ದರು. ಅವರನ್ನು ವಾಪಸು ಕರೆಸಿದಳು. ಅಲೆಮಾರಿ ಮಾತ್ರ ಬೇರೆ. ಅವನ ಕಥೆಯಲ್ಲಿ ಏನೂ ಆಗುತ್ತಿರಲಿಲ್ಲ. ಶ್ರೀಧರ ಕಾಯುತ್ತಿದ್ದ. ಬಸ್ಸುಗಳು ಬರುತ್ತಿದ್ದವು, ಹೋಗುತ್ತಿದ್ದವು. ಯಾರೋ ಮುದುಕಿಯ ಗಂಟು ಬಿಚ್ಚಿಕೊಳ್ಳುತ್ತಿತ್ತು, ಯಾವುದೋ ಕೂಸು ಕಿಟಕಿಯಿಂದ ಕೈ ಆಡಿಸುತ್ತಿತ್ತು. ಅಷ್ಟೇ. ಆದರೆ ಅದನ್ನು ಓದುವಾಗ ಸುಮಂಗಲಾಳಿಗೆ ತನ್ನ ಪಕ್ಕದಲ್ಲಿ ಯಾರೋ ಬಂದು ಕುಳಿತಂತೆ ಆಗುತ್ತಿತ್ತು.

ವಾರಕ್ಕೊಂದು ಅಧ್ಯಾಯ. ಸೋಮವಾರ ಅದು ಬರುವುದು, ಹಸಿರು ಬಳಿದುಕೊಂಡು ಹೋಗುವುದು, ಅವನು ವಾದಿಸುವುದು. ಆ ವಾದ ಮೆಲ್ಲಗೆ ಮಾತಾಯಿತು.

"ಮೈಸೂರು ಕಡೆಯ ಇಂದುಮತಿಯ ಬುತ್ತಿಯಲ್ಲಿ ಸಜ್ಜೆರೊಟ್ಟಿ ಹೇಗೆ ಬಂತು?" ಎಂದು ಅವಳು ಒಮ್ಮೆ ಕೇಳಿದಳು.

"ಬರೆಯುವಾಗ ನನಗೆ ಹಸಿವಾಗಿತ್ತು," ಎಂದು ಅವನು ಬರೆದ.

ಅವಳು ತುಟಿ ಕಚ್ಚಿ ನಗು ತಡೆದಳು. ಇವನು ನಮ್ಮ ಕಡೆಯವನೇ. ಬೆಂಗಳೂರೋ ಮುಂಬಯಿಯೋ ಸೇರಿ ಊರೂರು ತಿರುಗುತ್ತಿರಬೇಕು, ಹೆಸರೇ ಹೇಳುವುದಿಲ್ಲವೇ? ಊರು ಯಾವುದೆಂದು ಅವಳು ಕೇಳಲಿಲ್ಲ, ಅವನೂ ಕೇಳಲಿಲ್ಲ. ಕೇಳಿದರೆ ಏನೋ ಒಡೆದುಹೋದೀತೆಂಬ ಭಯ ಇಬ್ಬರಿಗೂ ಇದ್ದಂತಿತ್ತು.

ಇನ್ನೊಂದು ಸಲ, ಕಥೆಯೊಳಗಿನ ಅಜ್ಜಿ ಅಳುತ್ತಿದ್ದ ಶ್ರೀಧರನಿಗೆ ಹೇಳುತ್ತಾಳೆ: "ತುಂಬಿದ ಬಸ್ಸಿನ ಹಿಂದೆ ಓಡಬಾರದು ಮಗಾ. ಹಿಂದೆ ಇನ್ನೊಂದು ಬರುತ್ತದೆ." ಸುಮಂಗಲಾ ಆ ಸಾಲಿನ ಪಕ್ಕ ಹಸಿರಿನಲ್ಲಿ ಬರೆದಳು: "ಇದನ್ನು ಮುಟ್ಟಬೇಡಿ. ಯಾರು ಹೇಳಿದ ಮಾತು?"

"ನಾನೇ. ದಿನಾ ಹೇಳುತ್ತೇನೆ. ಯಾರೂ ಕೇಳಿಸಿಕೊಳ್ಳುವುದಿಲ್ಲ. ನೀವೊಬ್ಬರು ಕೇಳಿಸಿಕೊಂಡಿರಿ," ಎಂದು ಉತ್ತರ ಬಂತು.

ಆ ದಿನ ಮನೆಗೆ ಹೋಗುವಾಗ ಅವಳು ಸಂತೆಯ ದಾರಿ ಹಿಡಿದು ಸುತ್ತುಹಾಕಿ ಹೋದಳು. ಕಾರಣವಿರಲಿಲ್ಲ. ಬೇಗ ಮನೆ ಮುಟ್ಟಿದರೆ ಆ ಮಾತು ಹಗುರಾದೀತು ಎನಿಸಿತ್ತು.

ತೊಗರಿ ಹೂ ಬಿಟ್ಟ ಕಾಲಕ್ಕೆ ಕೊನೆಯ ಅಧ್ಯಾಯ ಬಂತು.

ಇಂದುಮತಿ ಬರುತ್ತಾಳೆ. ಬಸ್ಸಿನಿಂದ ಇಳಿಯುತ್ತಾಳೆ. ಅಷ್ಟು ಕಾಲ ಪ್ರತಿ ಬಸ್ಸಿನ ಬಾಗಿಲನ್ನೂ ನೋಡುತ್ತಿದ್ದ ಶ್ರೀಧರ, ಆ ಒಂದು ಗಳಿಗೆಯಲ್ಲಿ ಬೆನ್ನು ತಿರುಗಿಸಿ, ಯಾರೋ ಮುದುಕಿಯ ಗಂಟನ್ನು ಬೇರೊಂದು ಬಸ್ಸಿಗೆ ಎತ್ತಿಡುತ್ತಿರುತ್ತಾನೆ. ಇಂದುಮತಿ ಅವನನ್ನು ಕರೆಯುವುದಿಲ್ಲ. ಚೀಲವನ್ನು ನೆಲಕ್ಕಿಟ್ಟು, ಅವನು ತಿರುಗುವವರೆಗೆ ಆ ಬೆನ್ನನ್ನು ನೋಡುತ್ತ ನಿಲ್ಲುತ್ತಾಳೆ. ಕಥೆ ಮುಗಿಯುತ್ತದೆ.

ಸುಮಂಗಲಾ ಓದಿ ಮುಗಿಸಿದಾಗ ಕಣ್ಣು ಮಂಜಾಗಿದ್ದವು. ಇದರಲ್ಲಿ ಹರಳಿಲ್ಲ. ಒಂದೂ ಇಲ್ಲ. ಹಸಿರು ಬಣ್ಣವನ್ನು ಆರಿಸಿಕೊಂಡವಳು ಎಷ್ಟೋ ಹೊತ್ತು ಬೆರಳನ್ನು ಕೀಲಿಯ ಮೇಲಿಟ್ಟು ಕುಳಿತಳು. "ಚೆನ್ನಾಗಿದೆ" ಎಂದು ಬರೆದರೆ ನಾಳೆ ಅದು ಎಲ್ಲರಿಗೂ ಹೋಗುತ್ತದೆ. ಎಲ್ಲರೂ ಓದುತ್ತಾರೆ, ಹೊಗಳುತ್ತಾರೆ. ಆಮೇಲಿನ ಸೋಮವಾರ? ಅದರ ಆಮೇಲಿನ ಸೋಮವಾರ? ಅಲೆಮಾರಿ ಎದ್ದು ತನ್ನ ದಾರಿ ಹಿಡಿಯುತ್ತಾನೆ. ಕಥೆ ಮುಗಿದ ಮೇಲೆ ತಿದ್ದುವವಳಿಗೆ ಯಾರು ಬರೆಯುತ್ತಾರೆ?

ಅವಳು ಬರೆದಳು: "ಇಷ್ಟು ಕಾಲ ಕಾದವನು ಅದೇ ಗಳಿಗೆಯಲ್ಲಿ ಬೆನ್ನು ತಿರುಗಿಸುತ್ತಾನೆಯೇ? ನಂಬಲು ಆಗುವುದಿಲ್ಲ. ಬದಲಿಸಿ."

ಬೀಟಾ ಆಗಿ ಅವಳು ಹೇಳಿದ ಮೊದಲ ಸುಳ್ಳು ಅದು.

ಅವನು ಬದಲಿಸಿ ಕಳಿಸಿದ. ಶ್ರೀಧರ ಈಗ ಎದುರಿಗೇ ನಿಂತಿದ್ದ, ಕಥೆ ಸಪ್ಪೆಯಾಗಿತ್ತು. ಅವಳು ಬೇರೆ ತಪ್ಪು ತೆಗೆದಳು. ಮತ್ತೆ ಕಳಿಸಿದ. ಈಗ ಮಳೆ ಬರುತ್ತಿತ್ತು, ಇನ್ನೂ ಸಪ್ಪೆ. ಹಾಗೆ ಹಲವು ಸೋಮವಾರ ದಕ್ಕಿದವು. ಕೊನೆಗೆ ಅವಳು ಬರೆದಳು: "ಇಂದುಮತಿ ಬರದೇ ಇದ್ದರೆ ಹೇಗೆ? ಇನ್ನೂ ಕೆಲವು ಅಧ್ಯಾಯ ಅವನು ಕಾಯಲಿ."

ಅದಕ್ಕೆ ಬಂದ ಉತ್ತರದಲ್ಲಿ ಚಾಷ್ಟಿ ಇರಲಿಲ್ಲ. "ನನಗೆ ಬರೆಯಲು ಬರುವುದಿಲ್ಲ ಎಂದು ಮೊದಲೇ ನೇರವಾಗಿ ಹೇಳಬಹುದಿತ್ತು. ನೀವು ಹೇಳಿದ್ದರೆ ನಂಬುತ್ತಿದ್ದೆ, ಯಾಕೆಂದರೆ ನಿಮ್ಮನ್ನು ಮಾತ್ರ ನಂಬಿದ್ದೆ. ಈ ಕಥೆಯನ್ನು ಇಲ್ಲಿಗೇ ಬಿಡುತ್ತೇನೆ. ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಇರಲಿ."

ಸುಮಂಗಲಾ ಅವತ್ತೇ ಬರೆದಳು, ತಪ್ಪು ತನ್ನದೆಂದು. ಆ ಪತ್ರ ಮುಟ್ಟದೆ ಹಿಂದಿರುಗಿತು. ಅಲೆಮಾರಿ ತನ್ನ ಮೇಲ್ ವಿಳಾಸವನ್ನೇ ಮುಚ್ಚಿದ್ದ. ಬಳಗದಲ್ಲಿ ಎಲ್ಲರೂ ಕೇಳತೊಡಗಿದರು, ಕೊನೆಯ ಅಧ್ಯಾಯ ಎಲ್ಲಿ, ಇಂದುಮತಿ ಬಂದಳೋ ಇಲ್ಲವೋ ಎಂದು. ಅವಳು ಬಂದದ್ದನ್ನು ಸುಮಂಗಲಾ ಒಬ್ಬಳೇ ಕಂಡಿದ್ದಳು. ಆ ಮೊದಲ ಪ್ರತಿ ಇನ್ನೂ ಅವಳ ಮೇಲ್‌ಬಾಕ್ಸಿನಲ್ಲಿತ್ತು. ಆದರೆ ಅದು ಅವಳದಲ್ಲ, ಹಾಕುವ ಹಕ್ಕಿರಲಿಲ್ಲ. ಕಥೆ ಮುಗಿಯಬಾರದೆಂದು ಹಿಡಿದವಳು ತಾನೇ ಅದರ ಕತ್ತು ಹಿಚುಕಿದಂತಾಯಿತು.

"ಯಾಕ ಬೇಟಿ, ಮಾರಿ ಇಷ್ಟ್ಯಾಕ ಸಣ್ಣದ ಮಾಡ್ಕೊಂಡಿ?" ಎಂದು ಜೈನುದ್ದೀನ ಕೇಳಿದರು.

"ಏನಿಲ್ಲ ಚಾಚಾ. ಒಬ್ಬರ ಅಡಗಿಯೊಳಗ ಉಪ್ಪು ಸರಿ ಇತ್ತು. ನಾ ಸುಳ್ಳ ಹೇಳಿದೆ."

ಜೈನುದ್ದೀನ ಎಲೆಯಡಿಕೆ ಉಗುಳಿ ಬಂದು ಹೇಳಿದರು: "ಹೋಗಿ ಹೇಳಿಬಿಡು, ಸರಿ ಇತ್ತು ಅಂತ. ಅದಕ್ಕೇನ ರೊಕ್ಕ ಬೀಳ್ತೈತಿ?"

"ಎಲ್ಲಿಗಂತ ಹೋಗಲಿ ಚಾಚಾ? ಮನಿ ಎಲ್ಲೈತಿ ಗೊತ್ತಿಲ್ಲ."

ಸಂಜೆಗಳು ಮತ್ತೆ ಉದ್ದವಾದವು. ಬೇರೆಯವರ ಕಥೆಗಳನ್ನು ಅವಳು ತಿದ್ದುತ್ತಲೇ ಇದ್ದಳು, ಮೊದಲಿಗಿಂತ ನಿಷ್ಠೆಯಿಂದ. ಸೋಮವಾರ ಮಾತ್ರ ಕಂಪ್ಯೂಟರ್ ತೆರೆಯುವಾಗ ಎದೆ ಒಮ್ಮೆ ಏಳುತ್ತಿತ್ತು, ಆಮೇಲೆ ತಾನಾಗಿಯೇ ಕೂತುಕೊಳ್ಳುತ್ತಿತ್ತು. ಮನೆಗೆ ಬಂದರೆ ಒಲೆಯ ಮುಂದೆ ಅವ್ವ, ಗೋಡೆಗೊರಗಿದ ಚಾಪೆ.

ಅಷ್ಟರಲ್ಲಿ ಭೀಮುವಿನ ಹೆಂಡತಿಗೆ ಮುದ್ದೇಬಿಹಾಳದ ತವರಿನಲ್ಲಿ ಹೆಣ್ಣು ಕೂಸಾಯಿತು. ತೊಟ್ಟಿಲ ಕಾರ್ಯಕ್ಕೆ ಶೆಟ್ಟೆವ್ವ ಮುಂಚೆಯೇ ಹೊರಟಳು. ಪರೀಕ್ಷೆಯ ಅರ್ಜಿಗಳ ಗದ್ದಲವಿದ್ದುದರಿಂದ ಸುಮಂಗಲಾ ಹಿಂದುಳಿದಳು.

"ತೊಟ್ಟಲದ ದಿನ ಬರಾಕಬೇಕ ನೋಡು," ಎಂದು ಅವ್ವ ಬಾಗಿಲಲ್ಲಿ ನಿಂತು ಮತ್ತೆ ಮತ್ತೆ ಹೇಳಿದಳು. "ಸೋದರತ್ತಿ ಕಿವ್ಯಾಗ ಹೇಳಿದ್ರನ ಹೆಸರು. ನೀ ಬರಲಿಲ್ಲಂದ್ರ ಕೂಸಿಗಿ ಹೆಸರಿಲ್ಲ."

"ಬರ್ತೇನಿ ಬೇ. ಎಲ್ಲಾರ ಹೆಸರ ಇಡಾಕ ನಾನs ಅದೇನಲ್ಲ."

ಅವ್ವನಿಗೆ ಆ ಮಾತಿನ ಒಳಗು ತಿಳಿಯಿತೋ ಏನೋ. ಹೊರಟವಳು ತಿರುಗಿ ಬಂದು ಮಗಳ ಕೆನ್ನೆಯನ್ನು ಒಮ್ಮೆ ಸವರಿ ಹೋದಳು.

ತೊಟ್ಟಿಲ ದಿನ ಬೆಳಿಗ್ಗೆ ಸುಮಂಗಲಾ ಸಿಂದಗಿ ಬಸ್ಸು ಹತ್ತಿದಳು. ಅಲ್ಲಿಂದ ಇನ್ನೊಂದು. ಹೂವಿನ ಹಿಪ್ಪರಗಿಯ ಮೇಲೆ ಹಾಯ್ದು ಬಸವನ ಬಾಗೇವಾಡಿಗೆ ಬರುವಷ್ಟರಲ್ಲಿ ಹೊತ್ತು ನೆತ್ತಿಗೇರಿತ್ತು. ಅಲ್ಲಿಂದ ಮುದ್ದೇಬಿಹಾಳಕ್ಕೆ ಮತ್ತೆ ಬದಲಿಸಬೇಕು. ಕೂಸಿನ ಕುಲಾವಿ, ಬಟ್ಟೆಯಿದ್ದ ಚೀಲವನ್ನು ಎದೆಗವಚಿ ಅವಳು ಇಳಿದಳು. ಮುದ್ದೇಬಿಹಾಳದ ಬಸ್ಸು ಬಾಗಿಲಲ್ಲಿ ಜನ ಜೋತುಬಿದ್ದು ಹೊರಟೇಬಿಟ್ಟಿತ್ತು. ನಾಲ್ಕಾರು ಜನ ಅದರ ಹಿಂದೆ ಓಡಿದರು. ಅವಳೂ ಒಂದು ಹೆಜ್ಜೆ ಎತ್ತಿದಳು.

ಕಂಬದ ಮೇಲಿನ ಮೈಕು ಗರಗರ ಅಂದಿತು. ಗಂಡಸಿನ ಧ್ವನಿ, ಅವಸರವಿಲ್ಲದ್ದು.

"ಮುದ್ದೇಬಿಹಾಳಕ್ಕ ಹೋಗಾವ್ರು ಕೇಳ್ರಿ. ತುಂಬಿದ ಗಾಡಿ ಹಿಂದ ಓಡಬ್ಯಾಡ್ರಿ. ಹಿಂದ ಇನ್ನೊಂದು ಬರ್ತೈತಿ."

ಎತ್ತಿದ ಹೆಜ್ಜೆ ಅಲ್ಲೇ ನಿಂತಿತು.

ಪೇರಲ ಹಣ್ಣಿನ ಬುಟ್ಟಿ ಇಟ್ಟುಕೊಂಡು ಕುಳಿತಿದ್ದವಳೊಬ್ಬಳು ಕೆಳಗಿನಿಂದ ನೋಡಿದಳು. "ಯಾಕ ತಂಗೆವ್ವ, ಗಾಡಿ ತಪ್ಪಿತು? ಕುಂದರ ಬಾ, ಹಣ್ಣ ತಿನ್ನು."

"ಅವ್ರು… ಮೈಕಿನ್ಯಾಗ ಹೇಳಿದ್ರಲ್ಲ. ದಿನಾ ಹಿಂಗ ಹೇಳ್ತಾರೇನು?"

"ಯಾರು, ನಮ್ಮ ಪರಮಾನಂದನ? ದಿನಾ ಹೇಳ್ತಾನ. ಗೊಳಸಂಗಿಯಂವ. ಇಲ್ಲಿ ಕಂಟ್ರೋಲರ್ ಆಗಿ ಬಂದಾಗಿಂದ ಅದs ಹಾಡು. ಮಂದಿ ದಿನಾ ಓಡ್ತಾರ, ಅಂವ ದಿನಾ ಹೇಳ್ತಾನ."

ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಖಾಕಿ ಅಂಗಿಯ ಡ್ರೈವರ್ ನಕ್ಕ. "ಅಷ್ಟs ಅಲ್ಲ ಹನಮವ್ವ. ಲಗ್ನ ಆಗ್ರಿ ಸಾಹೇಬ್ರ, ವಯಸ್ಸ ಹೊಂಟೈತಿ ಅಂದ್ರೂ ಅದನ್ನs ಹೇಳ್ತಾರ. ಹಿಂದ ಇನ್ನೊಂದು ಬರ್ತೈತಿ ಚಮನಸಾಬ ಅಂತಾರ!"

ಸುಮಂಗಲಾ ಕಂಟ್ರೋಲ್ ರೂಮಿನ ಕಿಟಕಿಯ ಕಡೆ ನಡೆದಳು. ಸರಳುಗಳ ಆಚೆ ಮೈಕು, ಚಹಾದ ಖಾಲಿ ಗ್ಲಾಸು, ತಲೆ ಬಗ್ಗಿಸಿ ಬಸ್ಸುಗಳ ಹೊತ್ತು ಬರೆದುಕೊಳ್ಳುತ್ತಿದ್ದ ಮನುಷ್ಯ. ಕಿವಿಯ ಬಳಿ ಒಂದೆರಡು ಬಿಳಿಕೂದಲು. ಊರೂರು ತಿರುಗುವವನೆಂದು ಅವಳು ಇಷ್ಟು ದಿನ ಕಲ್ಪಿಸಿಕೊಂಡಿದ್ದ ಮುಖ ಒಮ್ಮೆಗೇ ಅಳಿಸಿಹೋಯಿತು. ಈ ಮುಖ ಎಲ್ಲಿಯೂ ಹೋಗದೆ, ಹೋಗುವವರನ್ನೇ ನೋಡುತ್ತ ಕುಳಿತ ಮುಖ.

"ಮುದ್ದೇಬಿಹಾಳ ಗಾಡಿ ಎಷ್ಟೊತ್ತಿಗೈತ್ರಿ?"

"ಈಗ ಬರ್ತೈತ್ರಿ, ಅಕ್ಕಾರ. ಕುಂದರ್ರಿ." ಅವನು ತಲೆ ಎತ್ತಲಿಲ್ಲ.

ಹೋಗಿಬಿಡಬಹುದಿತ್ತು. ಇವನಲ್ಲದಿದ್ದರೆ ನಗೆಪಾಟಲು. ಸುಮಂಗಲಾ ಸರಳನ್ನು ಹಿಡಿದಳು.

"ಶ್ರೀಧರನ ಅವ್ವ ಆರಾಮ ಅದಾಳೇನ್ರಿ?"

"ಆಕಿ ತೀರಿ ಭಾಳ ದಿನ ಆತಲ್ರಿ," ಎಂದ ಅವನು, ಬರೆಯುತ್ತಲೇ.

ಪೆನ್ನು ನಿಂತಿತು. ತಲೆ ಮೆಲ್ಲಗೆ ಮೇಲೆದ್ದಿತು. ಅವನ ಕಣ್ಣು ಮೊದಲು ಅವಳ ಕೈಯನ್ನು ನೋಡಿದವು, ಸರಳು ಹಿಡಿದ ಬೆರಳುಗಳನ್ನು, ಅಲ್ಲಿ ಹಸಿರು ಮೆತ್ತಿರಬಹುದೇನೋ ಎನ್ನುವಂತೆ. ಆಮೇಲೆ ಮುಖವನ್ನು.

"ಹಸಿರು ಪೆನ್ನು?"

ಅವಳು ತಲೆಯಾಡಿಸಿದಳು. ಅವನ ಮುಖದಲ್ಲಿ ಏನೋ ಅರಳಲು ಹೋಗಿ, ನೆನಪಾದಂತೆ ಮುದುಡಿತು. ಅವನು ಮೈಕನ್ನು ಹತ್ತಿರಕ್ಕೆ ಎಳೆದು ಗುಂಡಿ ಒತ್ತಿದ. "ಸಿಂದಗಿ ಗಾಡಿ ಎರಡನೇ ಕಟ್ಟೀಗಿ ಐತ್ರಿ," ಎಂದು ಸಾರಿದ. ಮೈಕು ಬಂದ್ ಮಾಡಲು ಗುಂಡಿಯನ್ನು ಮತ್ತೆ ಒತ್ತುವುದನ್ನು ಮರೆತ.

"ಇಲ್ಲೀತನಕ ತಪ್ಪ ಹುಡಕ್ಕೋತ ಬಂದ್ರೇನು?" ಎಂದ.

"ಇಲ್ರಿ. ನನ್ನ ತಪ್ಪ ಹೇಳಾಕ ನಿಂತೇನಿ. ಕಡೀ ಅಧ್ಯಾಯ ಮೊದಲ ಕಳಿಸಿದ್ರಲ್ಲ, ಅದು ಸರಿ ಇತ್ರಿ. ಒಂದು ಅಕ್ಷರಾನೂ ತಿದ್ದೂದು ಇರಲಿಲ್ಲ. ನಾ ಸುಳ್ಳ ಹೇಳಿದೆ."

"ಸರಿ ಇತ್ತು?" ಅವನು ಅರ್ಧ ಎದ್ದ. "ಸರಿ ಇದ್ರ ಯಾಕ ವಾಪಸ್ ಕಳಿಸಿದ್ರಿ? ನಾ ಎಷ್ಟು ಸಲ ಕೆಡಿಸಿ ಕೆಡಿಸಿ ಬರದೆ ಗೊತ್ತೈತೇನು ನಿಮಗ?"

"ಗೊತ್ತೈತ್ರಿ."

"ಮತ್ತ ಯಾಕ?"

ಸುಮಂಗಲಾ ಸರಳಿಗೆ ಇನ್ನಷ್ಟು ಹತ್ತಿರ ಸರಿದಳು.

"ಮುಗದ ಹೋಗ್ತಿತ್ತಲ್ರಿ," ಎಂದಳು. "ಅದು ಮುಗದಿದ್ರ ನೀವ್ಯಾಕ ನನಗ ಬರೀತಿದ್ರಿ?"

ಆ ಮಾತು ಕಂಬದ ಮೇಲಿನ ಮೈಕಿನಿಂದ ಹೊರಟು ಬಸ್‌ಸ್ಟ್ಯಾಂಡನ್ನೆಲ್ಲ ತುಂಬಿಕೊಂಡಿತು. ಕಡಲೆ ಮಾರುವವರು, ಕಟ್ಟೆಯ ಮೇಲಿನ ಮುದುಕರು, ಬಸ್ಸಿನ ಕಿಟಕಿಯೊಳಗಿನ ಹೆಂಗಸರು ಎಲ್ಲರೂ ಒಂದೇ ಕಡೆ ತಿರುಗಿದರು.

"ಏ ಪರಮಾನಂದಾ!" ಹನಮವ್ವ ಕೂಗಿದಳು. "ಮೈಕ ಬಂದ್ ಮಾಡೋ ಯಪ್ಪಾ! ಮುಂದಿಂದು ನೀವಿಬ್ಬರ ಕೇಳ್ಕೋರಿ!"

ಅವನು ಗಡಬಡಿಸಿ ಗುಂಡಿ ಒತ್ತಿದ. ಚಹಾದ ಗ್ಲಾಸು ಉರುಳಿತು. ಸುಮಂಗಲಾ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಸೆರಗಿನ ಹಿಂದೆ ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಸೆರಗು ಸರಿಸಿದಾಗ ಅವನು ಕಿಟಕಿಯ ಹತ್ತಿರವೇ ನಿಂತಿದ್ದ. ನಡುವೆ ಸರಳುಗಳಷ್ಟೇ.

"ನಾ ಅಲೆಮಾರಿ ಅಲ್ರಿ," ಎಂದ ಮೆಲ್ಲಗೆ. "ಈ ಖೋಲಿ ಬಿಟ್ಟು ಎಲ್ಲೀಗೂ ಹೋಗಿಲ್ಲ. ನೀವೂ ಬ್ಯಾರೆ ಯಾರನ್ನೋ ಅಂದ್ಕೊಂಡಿರಬೇಕು."

"ಸಜ್ಜಿರೊಟ್ಟಿ ತಿನ್ನೂ ಅಲೆಮಾರಿ ಎಷ್ಟು ದೂರ ಹೋಗಿರ್ತಾನ ಬಿಡ್ರಿ."

ಅವನು ನಕ್ಕ. ಸುಮಂಗಲಾ ಆ ನಗುವನ್ನು ಓದುವಾಗಲೇ ಎಷ್ಟೋ ಸಲ ಕೇಳಿದ್ದಳು, ಕಂಡದ್ದು ಈಗ.

"ಕಡೀ ಅಧ್ಯಾಯ ನಾ ಅಳಸಿಬಿಟ್ಟೆ," ಎಂದ. "ಸಿಟ್ಟಿನ್ಯಾಗ."

"ನನ್ನ ಹತ್ರ ಐತ್ರಿ. ಮೊದಲಿಂದು. ನೀವು ಹ್ಞೂಂ ಅಂದ್ರ ಬಳಗಕ್ಕ ಹಾಕ್ತೇನಿ."

ಅವನು ಯೋಚಿಸಿದ. ಕಣ್ಣಿನ ಕೊನೆಯಲ್ಲಿ ಚಾಷ್ಟಿಯೊಂದು ಮೂಡಿತು. "ಈಗs ಬ್ಯಾಡ್ರಿ. ಹಾಕಿದ್ರ ಮುಗದs ಹೋಗ್ತೈತಲ್ಲ."

ಅಷ್ಟರಲ್ಲಿ ಮುದ್ದೇಬಿಹಾಳದ ಇನ್ನೊಂದು ಬಸ್ಸು ಬಂದು ನಿಂತು, ತುಂಬಿ, ಡ್ರೈವರ್ ಚಮನಸಾಬ ಅದರ ಸೀಟಿನಲ್ಲಿ ಕುಳಿತು ಹಾರನ್ ಹೊಡೆಯತೊಡಗಿದ. ಹೊತ್ತಿನ ಕಾಗದಕ್ಕೆ ಕಂಟ್ರೋಲರನ ಸಹಿ ಬೀಳದೆ ಬಸ್ಸು ಕದಲುವಂತಿರಲಿಲ್ಲ. ಕಾಗದ ಪರಮಾನಂದನ ಮುಂದಿತ್ತು. ಅವನು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತಿದ್ದ.

"ಸಾಹೇಬ್ರ, ಸಹಿ!"

"ಪೆನ್ನ ಬರೀವಲ್ದೋ ಚಮನಸಾಬ."

"ನನ್ನ ಪೆನ್ನ ಕೊಡಲ್ರಿ?"

"ಅದೂ ಬರಿಯೂದಿಲ್ಲ."

ಬಸ್ಸಿನೊಳಗಿಂದ ಯಾರೋ ಹೋ ಎಂದು ನಕ್ಕರು. ಸುಮಂಗಲಾಳ ಕಿವಿಗಳು ಬಿಸಿಯಾದವು. "ಸಹಿ ಹಾಕ್ರಿ," ಎಂದಳು. "ನಾ ಹೋಗಲಿಲ್ಲಂದ್ರ ಒಂದು ಕೂಸಿಗಿ ಹೆಸರಿಲ್ಲ. ನಾಳೆ ಇದs ದಾರಿ ಹಿಡದು ಬರೂದು."

ಅವನು ಸಹಿ ಹಾಕಿದ. ಬಸ್ಸು ಗೇಟು ದಾಟುವಾಗ ಅವಳು ಹಿಂತಿರುಗಿ ನೋಡಿದಳು. ಅವನು ಖೋಲಿಯಿಂದ ಹೊರಗೆ ಬಂದು ನಿಂತಿದ್ದ.

ಆ ಸಂಜೆ ಮುದ್ದೇಬಿಹಾಳದಲ್ಲಿ ಹೆಂಗಸರೆಲ್ಲ ತೊಟ್ಟಿಲ ಸುತ್ತ ಸೇರಿದರು. ಸುಮಂಗಲಾ ಬಾಗಿ, ಹಾಲಿನ ವಾಸನೆಯ ಆ ಪುಟ್ಟ ಕಿವಿಯಲ್ಲಿ ಭೀಮು ಹೇಳಿಕೊಟ್ಟ ಹೆಸರನ್ನು ಉಸುರಿದಳು. ಪದ್ಧತಿಯಂತೆ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದಿದರು. ಅವಳ ಕಣ್ಣಲ್ಲಿ ನೀರು ಬಂತು.

"ನಿಲ್ರಬೇ, ನಿಲ್ರಿ, ನೋವಾತು ಆಕೀಗಿ," ಎಂದು ಶೆಟ್ಟೆವ್ವ ಅಡ್ಡ ಬಂದಳು.

"ಇಲ್ಲ ಬೇ," ಎಂದಳು ಸುಮಂಗಲಾ. "ಭಾಳ ದಿನ ಆಗಿತ್ತು, ಬೆನ್ನ ಮ್ಯಾಲ ಯಾರ ಕೈಯೂ ಬಿದ್ದಿರಲಿಲ್ಲ."

ಮರುದಿನ ಅವ್ವನನ್ನು ಬಾಣಂತಿಯ ಹತ್ತಿರ ಬಿಟ್ಟು ಒಬ್ಬಳೇ ಹೊರಟಳು. ದಾರಿಯುದ್ದಕ್ಕೂ ಹಳೆಯ ಭಯವೊಂದು ಜೊತೆಗೆ ಕುಳಿತಿತ್ತು. ನಿನ್ನೆಯದು ಬಿಸಿಲಿನ ಭ್ರಮೆಯಾಗಿದ್ದರೆ? ಅವನಿಗೆ ಇವತ್ತು ರಜೆ ಇದ್ದರೆ? ರಾತ್ರಿ ಕಳೆದು ಯೋಚಿಸಿ, ಬಸ್‌ಸ್ಟ್ಯಾಂಡಿಗೆಲ್ಲ ಕೇಳಿಸಿದ್ದಕ್ಕೆ ನಾಚಿ, ಮತ್ತೆ ಬಾಗಿಲು ಮುಚ್ಚಿಕೊಂಡಿದ್ದರೆ?

ಬಾಗೇವಾಡಿಯಲ್ಲಿ ಬಸ್ಸು ನಿಂತಿತು. ಸುಮಂಗಲಾ ಇಳಿದಳು.

ಪರಮಾನಂದ ಹೊರಗೇ ಇದ್ದ. ಅವಳಿಗೆ ಬೆನ್ನು ಮಾಡಿ, ಸಿಂದಗಿ ಬಸ್ಸಿನ ಬಾಗಿಲಲ್ಲಿ, ಯಾರೋ ಮುದುಕಿಯ ಜೋಳದ ಗಂಟನ್ನು ಮೇಲಕ್ಕೆ ಎತ್ತುತ್ತಿದ್ದ. ಬೆಳಗಿನಿಂದ ಪ್ರತಿ ಬಸ್ಸಿನ ಬಾಗಿಲನ್ನೂ ನೋಡಿದವನೇ ಇರಬೇಕು. ಇಸ್ತ್ರಿ ಮಾಡಿದ ಅಂಗಿಯ ಬೆನ್ನು ಬೆವರಿನಿಂದ ಅಂಟಿತ್ತು.

ನಂಬಲು ಆಗುವುದಿಲ್ಲ, ಬದಲಿಸಿ ಎಂದು ತಾನೇ ಬರೆದದ್ದು ನೆನಪಾಗಿ ಸುಮಂಗಲಾ ಚೀಲವನ್ನು ನೆಲಕ್ಕಿಟ್ಟಳು. ಆ ಬೆನ್ನನ್ನು ನೋಡುತ್ತ ನಿಂತಳು. ಕಥೆ ಇಲ್ಲಿಗೆ ಮುಗಿದಿತ್ತು. ಇಂದುಮತಿ ಕರೆದಿರಲಿಲ್ಲ.

ಸುಮಂಗಲಾ ಕರೆದಳು.

"ಸಾಹೇಬ್ರ, ಸಿಂದಗಿ ಗಾಡಿ ಯಾವುದ್ರಿ?"

ಗಂಟು ಹಿಡಿದ ಕೈಗಳು ಒಂದು ಕ್ಷಣ ಗಾಳಿಯಲ್ಲೇ ನಿಂತವು. ಆಮೇಲೆ ಗಂಟು ಮೇಲೆ ಹೋಯಿತು. ಅವನು ತಿರುಗಿದ. ಅವಳನ್ನು ನೋಡಿದ, ಪಕ್ಕದ ಬಸ್ಸಿನ ಸಿಂದಗಿ ಬೋರ್ಡನ್ನು ನೋಡಿದ. ಒಳಗೆ ಆ ಮುದುಕಿ, ಅವಳ ಗಂಟು ಬಿಟ್ಟರೆ ಸೀಟುಗಳೆಲ್ಲ ಖಾಲಿ.

"ಇದು ತುಂಬೇತ್ರಿ," ಎಂದ ಪರಮಾನಂದ. "ಕುಂದರ್ರಿ. ಹಿಂದ ಇನ್ನೊಂದು ಬರ್ತೈತಿ."